ಡಚೆಸ್ ಹುಟ್ಟಿದ ತಾರೀಖು

ಸುಳ್ಳುಗಳಲ್ಲೆಲ್ಲ ವಯಸ್ಸಿನ ಸುಳ್ಳಿಗೆ ನಮ್ಮಲ್ಲಿ ವಿಶೇಷ ಮರ್ಯಾದೆ ಇದೆ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ, ‘ಅಡ್ಜಸ್ಟ್‌ಮೆಂಟ್’ ಎನ್ನುತ್ತಾರೆ. ನನ್ನ ತಲೆಮಾರಿನ ಯಾರನ್ನಾದರೂ ಹುಟ್ಟಿದ ತಾರೀಖು ಕೇಳಿ ನೋಡಿ. ‘ನಿಜವಾದ್ದೋ, ಸರ್ಟಿಫಿಕೇಟಿನದೋ?’ ಎಂದು ನಿಮ್ಮನ್ನೇ ತಿರುಗಿ ಕೇಳುತ್ತಾರೆ. ಅವರಲ್ಲಿ ಅರ್ಧ ಜನ ಜೂನ್ ಒಂದರಂದೇ ಹುಟ್ಟಿದವರು. ದೇವರು ಶಾಲೆ ತೆರೆಯುವ ದಿನ ನೋಡಿಕೊಂಡೇ ನಮ್ಮನ್ನು ಭೂಮಿಗೆ ಕಳಿಸಿದ ಹಾಗೆ. ನಾನೂ ಅವರಲ್ಲೊಬ್ಬಳು. ನಿಜಕ್ಕೆ ನನಗೆ ಎಪ್ಪತ್ತು, ಸರ್ಟಿಫಿಕೇಟಿಗೆ ಎಪ್ಪತ್ತೊಂದು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಒಂದನೇ ಇಯತ್ತೆಗೆ ಐದು ವರ್ಷ ತುಂಬಿರಬೇಕಿತ್ತು. ನನಗೆ ನಾಲ್ಕು. ನಮ್ಮ ತಂದೆಗೆ ಮುಂದಿನ ವರ್ಷದವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಆಗ ಬರ್ತ್ ಸರ್ಟಿಫಿಕೇಟು ಯಾರ ಬಳಿ ಇರುತ್ತಿತ್ತು? ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳು ಕಿವಿಗೆ ಮುಟ್ಟಿದರೆ ಅಡ್ಮಿಷನ್, ಮುಟ್ಟದಿದ್ದರೆ ‘ಮುಂದಿನ ವರ್ಷ ಬಾ’. ತಂದೆ ನನಗೆ ಹದಿನೈದು ದಿನ ಮನೆಯಲ್ಲಿ ಪ್ರಾಕ್ಟೀಸ್ ಮಾಡಿಸಿದರು. “ಕತ್ತು ಒಂಚೂರು ವಾಲಸು, ಬೇಬಿ. ಮದರ್‌ಗೆ ದಪ್ಪ ಕನ್ನಡಕ ಅದ, ಗೊತ್ತಾಗೂದುಲ್ಲ.” ನಾನು ವಾಲಿಸಿದೆ, ಮದರ್ ಸುಪೀರಿಯರ್ “ವೆರಿ ಗುಡ್” ಎಂದರು. ಅಲ್ಲಿಂದ ಹತ್ತು ವರ್ಷ ನಾನು ಕ್ಲಾಸಿನಲ್ಲಿ ಎಲ್ಲರಿಗಿಂತ ಒಂದು ವರ್ಷ ಗಿಡ್ಡ ಕಾಲುಗಳನ್ನಿಟ್ಟುಕೊಂಡು ಪ್ರತಿ ಸ್ಪೋರ್ಟ್ಸ್ ಡೇಯಲ್ಲೂ ಕಡೆಯವಳಾಗಿ ಓಡಿದೆ. ಬಾಯಲ್ಲಿ ಚಮಚ ಕಚ್ಚಿ ಅದರ ಮೇಲೆ ಲಿಂಬೆಹಣ್ಣು ಇಟ್ಟುಕೊಂಡು ಓಡುವ ಆಟದಲ್ಲಿ ಕೂಡ ನನ್ನ ಲಿಂಬೆಹಣ್ಣು ನನಗಿಂತ ಮುಂದೆ ಉರುಳುತ್ತಿತ್ತು. ಪಿ.ಟಿ. ಕಲಿಸುವ ಸಿಸ್ಟರ್ ನನಗೆ ‘ಸ್ಲೋಕೋಚ್’ ಎಂದು ಹೆಸರಿಟ್ಟಿದ್ದರು.

ಇಷ್ಟೆಲ್ಲ ಅನುಭವಿಸಿದವಳು ಬುದ್ಧಿ ಕಲಿಯಬೇಕಿತ್ತಲ್ಲ? ಕಲಿಯಲಿಲ್ಲ. ಅರವತ್ತಾರು ವರ್ಷಗಳ ನಂತರ ಅದೇ ಕೆಲಸವನ್ನು ನಮ್ಮ ನಾಯಿಗೆ ಮಾಡಿದೆ.

ನಮ್ಮವರು ಬ್ಯಾಂಕಿನಲ್ಲಿದ್ದರು. ಟ್ರಾನ್ಸ್‌ಫರ್ ಆಗುತ್ತ ಆಗುತ್ತ ಕೊನೆಗೆ ವಿಶಾಖಪಟ್ಟಣದ ಗಾಜುವಾಕದ ಬ್ರಾಂಚಿನಲ್ಲಿ ಮ್ಯಾನೇಜರಾಗಿ ರಿಟೈರ್ ಆದರು. ಸಾಮಾನು ಕಟ್ಟಿ ಕಟ್ಟಿ ಸಾಕಾಗಿದ್ದ ನಾವು ಅಲ್ಲೇ ಎರಡನೇ ಮಹಡಿಯ ಫ್ಲಾಟಿನಲ್ಲಿ ಉಳಿದೆವು. ಕಳೆದ ವರ್ಷ ಯುಗಾದಿ ಮುಗಿದ ಮೇಲೆ ಅವರ ಅಣ್ಣನ ಮಗ ಊರಿನಿಂದ ಬಂದು ಎರಡು ತಿಂಗಳ ಮುಧೋಳ ನಾಯಿಮರಿಯೊಂದನ್ನು ನಮ್ಮ ಮಡಿಲಿಗೆ ಹಾಕಿ ಹೋದ. ಮುಧೋಳ ನಾಯಿ ಬೇಟೆಯ ಜಾತಿ. ಮೂಸಿ ಹುಡುಕುವುದಕ್ಕಿಂತ ಕಣ್ಣಿನಿಂದ ಕಂಡದ್ದನ್ನು ಅಟ್ಟಿಸಿಕೊಂಡು ಹೋಗುವುದು ಅದರ ಸ್ವಭಾವ. ಉದ್ದ ಮೂತಿ, ಆಳವಾದ ಎದೆ, ಇಲ್ಲವೇ ಇಲ್ಲವೆನ್ನುವಂಥ ಹೊಟ್ಟೆ, ನಾಲ್ಕು ಕಡ್ಡಿ ಕಾಲು. ಕಾಲಿನ ಮೇಲೆ ಕಾಲು ಹಾಕಿ ಸೋಫಾದ ಮೇಲೆ ಕೂರುವ ದೊರೆಸಾನಿ ಠೀವಿ ನೋಡಿ ನಾನು ಡಚೆಸ್ ಎಂದು ಹೆಸರಿಟ್ಟೆ. ಗಾಜುವಾಕ ಅದನ್ನು ಎರಡೇ ದಿನದಲ್ಲಿ ‘ಡಚ್ಚಮ್ಮ’ ಮಾಡಿಕೊಂಡಿತು. ಕೆಳಗೆ ಇಸ್ತ್ರಿ ಮಾಡುವ ಲಕ್ಷ್ಮಮ್ಮ ನಾಯಿಯ ಪಕ್ಕೆಲುಬು ಎಣಿಸಿ ನನ್ನನ್ನು ದಿನವೂ ವಿಚಾರಿಸುತ್ತಿದ್ದಳು: “ಏಂಟಮ್ಮಾ, ಕುಕ್ಕಕಿ ಅನ್ನಂ ಪೆಟ್ಟರಾ?” ನಾಯಿಗೆ ಅನ್ನ ಹಾಕುವುದಿಲ್ಲವೇ ಎಂದು! ಈ ಜಾತಿ ಇರುವುದೇ ಹೀಗೆ ಎಂದು ನನ್ನ ಹರಕು ತೆಲುಗಿನಲ್ಲಿ ವಿವರಿಸಿದರೆ ಅವಳು ನನ್ನ ಮೈಯನ್ನೊಮ್ಮೆ, ನಾಯಿಯ ಮೈಯನ್ನೊಮ್ಮೆ ನೋಡಿ ಸುಮ್ಮನಾಗುತ್ತಿದ್ದಳು. ಆ ಮೌನ ಯಾವ ಭಾಷೆಯವರಿಗಾದರೂ ಅರ್ಥವಾಗುವಂಥದ್ದು.

ಇನ್ನು ಕಾವ್ಯಾ. ಮಂಡ್ಯ ಕಡೆಯ ಹುಡುಗಿ, ಇಲ್ಲಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಕಳೆದ ದಸರೆಯ ಹೊತ್ತಿಗೆ ನಮ್ಮ ಮೇಲಿನ ಫ್ಲಾಟಿಗೆ ಬಾಡಿಗೆಗೆ ಬಂದಳು. ಮೆಟ್ಟಿಲ ಮೇಲೆ ನಾನು ನಮ್ಮವರನ್ನು ಕನ್ನಡದಲ್ಲಿ ಗದರಿದ್ದು ಕೇಳಿ “ಅಯ್ಯೋ, ನೀವು ನಮ್ಮೋರು!” ಎಂದು ಕೈ ಹಿಡಿದುಕೊಂಡಳು. ಹಾಗೆ ಹಿಡಿದ ಕೈ ಭುಜದಿಂದ ಮೇಲೆ ಏಳದಿರುವುದನ್ನು ಅವಳ ವೃತ್ತಿಯ ಕಣ್ಣು ತಕ್ಷಣ ಗುರುತಿಸಿತು. ಫ್ರೋಜನ್ ಶೋಲ್ಡರ್. ಅಂದಿನಿಂದ ಗೋಡೆಯ ಮೇಲೆ ಬೆರಳು ನಡೆಸುತ್ತ ಕೈ ಏರಿಸುವ ವ್ಯಾಯಾಮ ನನಗೆ ದಿನಕ್ಕೆ ಎರಡು ಸಲ. “ಮಾಡಿದ್ರಾ ಆಂಟಿ?” ಎಂದು ಸಂಜೆ ಕೇಳುತ್ತಾಳೆ. ನಾನು “ಆಯ್ತಮ್ಮಾ” ಎನ್ನುತ್ತೇನೆ. ನಮ್ಮವರು ಪೇಪರಿನ ಹಿಂದಿನಿಂದ ಕೆಮ್ಮುತ್ತಾರೆ.

ಡಚೆಸ್ ಪ್ರತಿಭೆ ಬೆಳಕಿಗೆ ಬಂದದ್ದು ಒಂದು ಪ್ಲಾಸ್ಟಿಕ್ ಚೀಲದಿಂದ. ಈ ಜಾತಿಗೆ ಕತ್ತಿಗಿಂತ ತಲೆ ಸಣ್ಣ. ಒಂದು ಸಂಜೆ ಸಾಧಾರಣ ಕೊರಳಪಟ್ಟಿಯನ್ನು ಬಳೆ ಕಳಚಿದ ಹಾಗೆ ಕಳಚಿ, ಗಾಳಿಗೆ ಹಾರುತ್ತಿದ್ದ ಬಿಳಿ ಚೀಲದ ಹಿಂದೆ ಮೇನ್ ರೋಡಿನ ಆಟೋಗಳ ನಡುವೆ ಅವಳು ಹಾರಿಹೋದಳು. ಬಸ್‌ಸ್ಟಾಪಿನಲ್ಲಿ ಇಳಿಯುತ್ತಿದ್ದ ಕಾವ್ಯಾ ಅವಳನ್ನು ಹಿಡಿದು, ಚೀಲಸಮೇತ ತಂದು ಒಪ್ಪಿಸಿದಳು. ಮೊದಲು ನನಗೆ ಬೈದಳು. ಅಗಲ ಪಟ್ಟಿ, ಎಳೆದರೆ ಬಿಗಿಯಾಗುವಂಥದ್ದು, ನಾಳೆಯೇ ತರಬೇಕು ಎಂದಳು. ಆಮೇಲೆ ಅವಳೇ ಹೇಳಿದಳು, “ಆಂಟಿ, ಇದೇ ಒಂದು ಆಟ ಇದೆ ಗೊತ್ತಾ? ದಾರಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿ ಮೋಟಾರಿನಿಂದ ಮೈದಾನದ ತುಂಬ ಎಳೀತಾರೆ. ನಾಯಿ ಅದರ ಹಿಂದೆ ಓಡ್ಬೇಕು. ವಿಜಯವಾಡದಲ್ಲಿ ನಾಯಿ ಸಾಕೋರೆಲ್ಲ ಸೇರ್ಕೊಂಡು ಸಂಕ್ರಾಂತಿ ಆದ್ಮೇಲೆ ಮಾಡ್ತಾರಂತೆ. ವರ್ಷಕ್ಕೆ ಒಂದೇ ಸಲ.”

ಓಟ! ಬಹುಮಾನ! ನಮ್ಮ ಮನೆಯ ಹೆಸರು ಧ್ವನಿವರ್ಧಕದಲ್ಲಿ! ನನ್ನೊಳಗಿನ ಸ್ಲೋಕೋಚ್ ಎದ್ದು ನಿಂತಳು.

“ಆದ್ರೆ ಹದಿನೆಂಟು ತಿಂಗಳು ತುಂಬಿರ್ಬೇಕು ಆಂಟಿ,” ಎಂದಳು ಕಾವ್ಯಾ. “ಬೆಳೆಯೋ ನಾಯೀನ ಜೋರಾಗಿ ತಿರುಗ್ಸಿ ಓಡಿಸ್ಬಾರ್ದು. ಮೂಳೆ ತುದಿ ಇನ್ನೂ ಎಳೇದಿರತ್ತೆ. ಇವಳಿಗೆ ಎಷ್ಟು?”

ನಾನು ಮನಸ್ಸಿನಲ್ಲಿ ಎಣಿಸಿದೆ. ಹುಟ್ಟಿದ್ದು ಫೆಬ್ರವರಿ. ಆಟ ಜನವರಿಯಲ್ಲಿ. ಹನ್ನೊಂದು ತಿಂಗಳು. ಅದರ ಮುಂದಿನ ಆಟಕ್ಕೆ ಇನ್ನೂ ಒಂದು ವರ್ಷ. ನಮ್ಮವರಿಗೆ ಎಪ್ಪತ್ತಾರು, ನನಗೆ ಎಪ್ಪತ್ತು, ಎರಡೂ ಬಿ.ಪಿ.ಯವು. “ತುಂಬಿರುತ್ತಮ್ಮ,” ಎಂದೆ. ಬಾಯಿಗೆ ಬಂದ ತಾರೀಖು ಕೂಡ ಹೇಳಿದೆ, ವರ್ಷವೊಂದನ್ನು ಹಿಂದೆ ತಳ್ಳಿ. ಯಾವ ತಾರೀಖೆಂದು ಹೇಳಬೇಕೆ? ಜೂನ್ ಒಂದು.

ನಮ್ಮವರು ಪೇಪರು ಕೆಳಗಿಟ್ಟರು. “ಅಲ್ಲಽ, ಇದು ಯುಗಾದಿ ಆದಮ್ಯಾಲೆ ಬಂದದ್ದಲ್ಲೇನ? ಆಗ ನನ್ನ ಚಪ್ಪಲ್ಯಾಗ ಮಲಗತಿತ್ತು.”

“ನಿಮಗ ನೆನಪಿಲ್ಲ, ಸುಮ್ನಿರ್ರಿ. ಚಪ್ಪಲಿ ದೊಡ್ಡದಿತ್ತು.”

ಹಳೆಯ ಲಸಿಕೆ ಕಾರ್ಡನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಹಾಸಿದ ಪೇಪರಿನಡಿ ತಳ್ಳಿದೆ. ಕಳೆದಿದೆ ಎಂದು ಹೇಳಿ ಬೇರೆ ಡಾಕ್ಟರ ಬಳಿ ಹೊಸ ಪುಸ್ತಕ ಬರೆಸಿದೆ. ನಾಯಿಗೂ ಎರಡೆರಡು ವಯಸ್ಸಾದವು, ನಿಜದ್ದೊಂದು, ಪುಸ್ತಕದ್ದೊಂದು. ಈಗ ಅವಳು ಪೂರ್ಣವಾಗಿ ನಮ್ಮ ಮನೆತನದವಳಾದಳು.

ಆಮೇಲಿನ ಎರಡು ತಿಂಗಳು ನಾನು ತೋರಿಸಿದ ಶಿಸ್ತನ್ನು ನೋಡಿದ್ದರೆ ಕಾನ್ವೆಂಟಿನ ಸಿಸ್ಟರುಗಳು ಕಣ್ಣೀರಿಡುತ್ತಿದ್ದರು. ಕಾವ್ಯಾ ಒಂದು ಚಾರ್ಟ್ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಓಡುವುದಕ್ಕೆ ನಾಲ್ಕು ತಾಸು ಮೊದಲಿನಿಂದ ಊಟವಿಲ್ಲ, ಈ ಆಳ ಎದೆಯ ನಾಯಿಗಳು ತುಂಬಿದ ಹೊಟ್ಟೆಯಲ್ಲಿ ಓಡಿದರೆ ಹೊಟ್ಟೆ ಉಬ್ಬಿ ಪ್ರಾಣಕ್ಕೇ ಕುತ್ತು ಬರಬಹುದಂತೆ. ಡಾಂಬರು ರಸ್ತೆಯಲ್ಲಿ ಓಟವಿಲ್ಲ, ಬೀಚಿನ ಕಾಲು ಹುಗಿಯುವ ಮರಳಿನಲ್ಲೂ ಇಲ್ಲ; ಹತ್ತಿರದ ಕಾಲೇಜಿನ ಹುಲ್ಲಿನ ಮೈದಾನ, ಅದೂ ಬಿಸಿಲೇರುವ ಮೊದಲು. ಓಡುವ ಮುಂಚೆ ಹತ್ತು ನಿಮಿಷ ನಡಿಗೆ, ಓಡಿದ ಮೇಲೆ ಹತ್ತು ನಿಮಿಷ ನಡಿಗೆ. ನೀರು ಗುಟುಕು ಗುಟುಕಾಗಿ. ಉಗುರು ವಾರಕ್ಕೊಮ್ಮೆ ಸವರುವುದು, ಪಾದದ ಮೆತ್ತೆ ಬಿರಿದಿದೆಯೇ ಎಂದು ದಿನವೂ ನೋಡುವುದು. ಎರಡು ಓಟವಾದರೆ ಸಾಕು, “ಅವಳು ಇನ್ನೂ ಓಡ್ತೀನಿ ಅಂತಾಳೆ ಆಂಟಿ, ನಾವು ಬೇಡ ಅನ್ಬೇಕು. ಈ ಜಾತಿ ನಿಲ್ಲೋದನ್ನ ತಾನಾಗಿ ಕಲಿಯಲ್ಲ.” ಎಲ್ಲವನ್ನೂ ಅಕ್ಷರಶಃ ಪಾಲಿಸಿದೆ. ನನ್ನ ಭುಜದ ವ್ಯಾಯಾಮ ಬಿಟ್ಟೆ, ಅವಳ ಕಾಲು ನೀವುವುದನ್ನು ಬಿಡಲಿಲ್ಲ. ಒಂದು ದಿನ ಅವಳ ಎಡಗಾಲಿನ ಉಗುರು ಕೂದಲೆಳೆಯಷ್ಟು ಉದ್ದ ಉಳಿದಿದೆಯೆಂದು ನಮ್ಮವರ ಮೇಲೆ ರೇಗಿದೆ.

“ಉಗುರಿನ ಮ್ಯಾಲೆ ಇಷ್ಟು ಪ್ರಾಮಾಣಿಕತಾ,” ಎಂದರು ನಮ್ಮವರು, “ವಯಸ್ಸಿನ ಮ್ಯಾಲೆ ಯಾಕಿಲ್ಲ?”

“ಮುಂದಿನ ವರ್ಷ ನಾವಿರ್ತೀವೋ ಇಲ್ಲೋ.”

“ನಾವ್ ಇಲ್ಲಂದ್ರ ನಾಯಿ ಓಡೂದುಲ್ಲೇನ?”

ಬ್ಯಾಂಕಿನವರೊಂದಿಗೆ ವಾದಿಸಬಾರದು. ಸಹಿ ಸರಿಯಿಲ್ಲದ ಚೆಕ್ಕನ್ನು ಹಿಂದಿರುಗಿಸಿ ಅಭ್ಯಾಸವಾದವರು.

ಜನವರಿಯಲ್ಲಿ ಕಾವ್ಯಾಳನ್ನೂ ಕರೆದುಕೊಂಡು ಬಾಡಿಗೆ ಕಾರಿನಲ್ಲಿ ವಿಜಯವಾಡಕ್ಕೆ ಹೊರಟೆವು. ಅನಕಾಪಲ್ಲಿ ದಾಟುವಾಗ ಅಲ್ಲಿನ ಹೆಸರಾಂತ ಬೆಲ್ಲ ಕೊಳ್ಳುತ್ತೇನೆಂದ ನಮ್ಮವರನ್ನು ‘ಗೆದ್ದು ಬರುವಾಗ’ ಎಂದು ಸುಮ್ಮನಾಗಿಸಿದೆ. ನಾಯಿಯನ್ನು ಒಳಗೆ ಬಿಡುವ ಲಾಡ್ಜ್ ಸಿಕ್ಕಿದ್ದು ಆಟೋನಗರ್ ಅಂಚಿನಲ್ಲಿ ಮಾತ್ರ. ಅಲ್ಲಿ ಬೆಳಗಿನಿಂದ ಲಾರಿಗಳಿಗೆ ಬಾಡಿ ಕಟ್ಟುವ ಸುತ್ತಿಗೆಯ ಸದ್ದು. ಡಚೆಸ್ ಒಬ್ಬಳೇ ಅದನ್ನು ತನ್ನ ಸ್ವಾಗತಕ್ಕೆ ಬಾರಿಸಿದ ಬ್ಯಾಂಡ್ ಎಂದುಕೊಂಡಂತಿತ್ತು. ಚೀಲ ಎಳೆಯುವ ಯಂತ್ರವೂ ಆಟೋನಗರದಲ್ಲೇ ಹುಟ್ಟಿದ್ದೆಂದು ಮರುದಿನ ಮೈದಾನದಲ್ಲಿ ಗೊತ್ತಾಯಿತು: ಹಳೆಯ ಕಾರಿನ ಸ್ಟಾರ್ಟರ್ ಮೋಟಾರು, ಲಾರಿ ಬ್ಯಾಟರಿ, ಮೇಲೆ ದಾರ ಸುತ್ತುವ ಚಕ್ರ. ಮೈದಾನದ ತಿರುವುಗಳಲ್ಲಿ ಗೂಟ ಹೊಡೆದು ರಾಟೆ ಕಟ್ಟಿದ್ದರು.

ಓಟಕ್ಕೆ ಮುಂಚೆ ಪ್ರತಿ ನಾಯಿಯನ್ನೂ ತಪಾಸಣೆ ಮಾಡುತ್ತಿದ್ದರು. ಟೋಪಿ ಹಾಕಿದ ಹೆಂಗಸೊಬ್ಬರು ಡಚೆಸ್‌ಳನ್ನು ನಡೆಸಿ, ಓಡಿಸಿ, ಕೀಲುಗಳನ್ನು ಮುಟ್ಟಿ ನೋಡಿದರು. ಉಗುರು ನೋಡಿ ಮೆಚ್ಚಿದರು. ನನಗೆ ಹೆಮ್ಮೆ. ಆಮೇಲೆ ಪುಸ್ತಕ ತಿರುವಿದರು.

“ಎಂತ ಚಿನ್ನಗಾ ಉಂದಮ್ಮಾ! ಪದ್ದೆನಿಮಿದಿ ನೆಲಲು ನಿಂಡಾಯಾ?” ಎಷ್ಟು ಚಿಕ್ಕವಳಾಗಿ ಕಾಣುತ್ತಾಳೆ, ನಿಜಕ್ಕೂ ಹದಿನೆಂಟು ತಿಂಗಳು ತುಂಬಿದೆಯೇ?

ನಾನು ನನ್ನ ಕಾನ್ವೆಂಟ್ ಇಂಗ್ಲಿಷನ್ನು ಹೊರಗೆ ತೆಗೆದೆ. ಅದನ್ನು ನಾನು ಪೊಲೀಸರಿಗೆ, ಆಸ್ಪತ್ರೆಯವರಿಗೆ ಮತ್ತು ಅಪರಾಧದ ಸಮಯಕ್ಕೆಂದು ಇಟ್ಟುಕೊಂಡಿದ್ದೇನೆ. “ಫೀಮೇಲ್ಸ್ ಇನ್ ಅವರ್ ಫ್ಯಾಮಿಲಿ ಆರ್ ಆಲ್ವೇಸ್ ಪೆಟೀಟ್, ಮ್ಯಾಡಮ್.” ಅವರು ನಕ್ಕು ಠಸ್ಸೆ ಒತ್ತಿದರು. ನನ್ನ ಕತ್ತು ತಾನಾಗಿಯೇ ಸ್ವಲ್ಪ ವಾಲಿತ್ತೆಂದು ಈಗ ಅನಿಸುತ್ತದೆ.

ಅವಳು ಓಡಿದ್ದನ್ನು ನಾನು ಹೇಗೆ ಹೇಳಲಿ? ಎಪ್ಪತ್ತು ವರ್ಷದಲ್ಲಿ ಅಷ್ಟು ಚೆಂದದ್ದನ್ನು ನಾನು ಕಂಡಿಲ್ಲ. ಕಾವ್ಯಾ ಪಟ್ಟಿ ಬಿಟ್ಟದ್ದಷ್ಟೇ ಗೊತ್ತು. ನಾಲ್ಕು ಕಾಲೂ ನೆಲ ಬಿಟ್ಟು ಮಡಚಿ, ಮತ್ತೆ ನಾಲ್ಕೂ ನೆಲ ಬಿಟ್ಟು ಚಾಚಿ, ಮುಂಜಾನೆಯ ಹುಲ್ಲಿನ ಮೇಲೆ ಯಾರೋ ಕಂದು ಬಣ್ಣದ ಒಂದು ಗೆರೆ ಎಳೆದ ಹಾಗೆ. ಜನ “ಅಬ್ಬಾ!” ಎಂದರು. ನಾನು, ವಯಸ್ಸಾದ ಹೆಂಗಸು, ಸೆರಗು ಜಾರಿದ್ದು ತಿಳಿಯದೆ “ರನ್, ಬೇಬಿ, ರನ್!” ಎಂದು ಕೂಗುತ್ತಿದ್ದೆ. ಮೊದಲ ತಿರುವು ದಾಟಿದಳು. ಎರಡನೆಯದರಲ್ಲಿ ಚೀಲ ಚಕ್ಕನೆ ಎಡಕ್ಕೆ ಹೊರಳಿತು. ಅವಳೂ ಹೊರಳಿದಳು. ಮುಂಗಾಲೊಂದು ಹೊರಳಲಿಲ್ಲ. ಒಂದು ಸಣ್ಣ ಕೂಗು ಕೇಳಿತು. ಆದರೂ ಅವಳು ನಿಲ್ಲಲಿಲ್ಲ. ಮೂರು ಕಾಲಿನಲ್ಲಿ ಕುಂಟುತ್ತ ಆ ಚೀಲದ ಹಿಂದೆ ಹೋಗುತ್ತಲೇ ಇದ್ದಳು, ಯಾರೋ ಮೋಟಾರು ನಿಲ್ಲಿಸುವವರೆಗೆ.

ಪ್ರಾಣಿಗಳ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಒಳಗೆ ಒಬ್ಬರೇ ಬರಬೇಕೆಂದರು. ನಾನು ಹೋದೆ. ಡಾಕ್ಟರು ಪಟವನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದರು. ಮಣಿಕಟ್ಟಿನ ಮೇಲೆ, ಮೂಳೆಯ ತುದಿಯಲ್ಲಿ ಒಂದು ಕಪ್ಪು ಗೆರೆ. ಮೂಳೆ ಬೆಳೆಯುವ ಜಾಗ ಅದು, ಇನ್ನೂ ಕೂಡಿಕೊಂಡಿಲ್ಲ, ಪೆಟ್ಟು ಅಲ್ಲೇ ಬಿದ್ದಿದೆ. “ಅಮ್ಮಾ, ಪುಸ್ತಕದಲ್ಲಿ ಒಂದೂವರೆ ವರ್ಷಕ್ಕಿಂತ ಜಾಸ್ತಿ ಅಂತಿದೆ,” ಎಂದು ತೆಲುಗಿನಲ್ಲಿ ಮೆಲ್ಲಗೆ ಹೇಳಿದರು. “ಪಟ ಒಂದು ವರ್ಷವೂ ಆಗಿಲ್ಲ ಅಂತಿದೆ. ಪುಸ್ತಕ ಯಾರು ಬರೆದರು?” ಮದರ್ ಸುಪೀರಿಯರ್‌ರ ದಪ್ಪ ಕನ್ನಡಕಕ್ಕೆ ಕಾಣದ್ದು ಈ ಪಟಕ್ಕೆ ಕಂಡುಬಿಟ್ಟಿತ್ತು. ನನ್ನ ಇಂಗ್ಲಿಷ್ ಎಲ್ಲಿಯೋ ಓಡಿಹೋಯಿತು.

ಹೊರಗೆ ಬಂದೆ. ಬೆಂಚಿನ ಮೇಲೆ ಕಾವ್ಯಾ ಅಳುತ್ತ ಕೂತಿದ್ದಳು. “ನನ್ನಿಂದ ಆಗಿದ್ದು ಆಂಟಿ. ತಿರುವಿನ ಪ್ರಾಕ್ಟೀಸ್ ಕಡಿಮೆ ಆಯ್ತು. ಚಾರ್ಟೇ ತಪ್ಪು ಹಾಕಿದೀನಿ.” ಆಗ ಹೇಳಬೇಕಿತ್ತು. ಒಂದೇ ಒಂದು ಮಾತು. ನಾನು ಅವಳ ತಲೆ ನೇವರಿಸಿ, “ಹೋಗಲಿ ಬಿಡಮ್ಮ, ಆಗಿದ್ದು ಆಯ್ತು,” ಎಂದೆ. ಇದಕ್ಕಿಂತ ಕೆಟ್ಟ ಮಾತು ನನ್ನ ಬಾಯಿಂದ ಎಂದೂ ಬಂದಿಲ್ಲ. ತಪ್ಪು ಮಾಡಿದವಳು ನಾನು, ಕ್ಷಮಿಸಿದವಳೂ ನಾನು! ವಾಪಸು ಬರುವ ದಾರಿಯುದ್ದಕ್ಕೂ ಪಟ್ಟಿ ಸುತ್ತಿದ ಕಾಲನ್ನು ಕಾವ್ಯಾ ತೊಡೆಯ ಮೇಲಿಟ್ಟುಕೊಂಡಿದ್ದಳು. ಅನಕಾಪಲ್ಲಿ ಬಂತು. ಯಾರೂ ಬೆಲ್ಲದ ಮಾತೆತ್ತಲಿಲ್ಲ. ನಮ್ಮವರು ಮುಂದಿನ ಸೀಟಿನಿಂದ ಕಾರಿನ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದರು, ಅಷ್ಟೇ.

ಮುಂದಿನ ಹನ್ನೆರಡು ದಿನ ಆ ಹುಡುಗಿ ಡ್ಯೂಟಿಗೆ ಹೋಗುವ ಮುಂಚೆ ಬಂದು, ಡಚೆಸ್‌ಳನ್ನು ಮಗುವಿನಂತೆ ಎತ್ತಿಕೊಂಡು ಎರಡು ಮಹಡಿ ಇಳಿಸಿ, ನಾಯಿಯ ‘ಹೊರಗಿನ ಕೆಲಸ’ ಮುಗಿದ ಮೇಲೆ ಮತ್ತೆ ಎತ್ತಿಕೊಂಡು ಹತ್ತಿಸಿ ಹೋಗುತ್ತಿದ್ದಳು. “ಅಯ್ಯೋ ಡಚ್ಚಮ್ಮಾ,” ಎಂದು ಲಕ್ಷ್ಮಮ್ಮ ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿಬರುತ್ತಿದ್ದಳು. ನಾನು ದಿನವೂ ಇಂದು ಹೇಳುತ್ತೇನೆ ಎಂದುಕೊಳ್ಳುವುದು, ಕಾಫಿ ಕೊಡುವುದು. ಇಂದು ಹೇಳುತ್ತೇನೆ ಎಂದುಕೊಳ್ಳುವುದು, ಉಪ್ಪಿಟ್ಟು ಕೊಡುವುದು. ಹೇಳದ ಮಾತಿಗೆ ಪ್ರತಿಯಾಗಿ ನಾನು ಆ ಹುಡುಗಿಗೆ ಎಷ್ಟು ತಿಂಡಿ ತಿನ್ನಿಸಿದೆನೋ. ಹನ್ನೆರಡನೆಯ ದಿನ ಅವಳೇ ಹೇಳಿದಳು: “ಇನ್ನು ಸ್ಪೋರ್ಟ್ಸ್ ಪೇಷಂಟ್ಸ್ ನಂಗೆ ಬೇಡ ಅಂತ ಆಸ್ಪತ್ರೇಲಿ ಹೇಳ್ಬಿಟ್ಟೆ ಆಂಟಿ. ಒಂದು ನಾಯಿ ಕಾಲು ನೋಡ್ಕೊಳೋಕಾಗ್ಲಿಲ್ಲ, ಮಕ್ಕಳ ಮೊಣಕಾಲು ಯಾವ ಧೈರ್ಯದಲ್ಲಿ ಮುಟ್ಲಿ?”

ನಮ್ಮವರು ಪೇಪರು ಮಡಚಿ, ಹೆಸರು ಹಿಡಿದು ಕರೆದರು. ನಲವತ್ತೆಂಟು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಹೆಸರು ಹಿಡಿದು ಕರೆದದ್ದು ನಾಲ್ಕೈದು ಸಲ. “ಸುಶೀಲಾ. ಬೀರು.”

ನಾನು ಹೋಗಿ ಸೀರೆಗಳ ಕೆಳಗಿನಿಂದ ಹಳೆಯ ಕಾರ್ಡು ತಂದು ಕಾವ್ಯಾಳ ಕೈಯಲ್ಲಿಟ್ಟೆ. ಅವಳು ಓದಿದಳು. ಬೆರಳ ಮೇಲೆ ಎಣಿಸಿದಳು. “ಹನ್ನೊಂದು ತಿಂಗಳು,” ಎಂದಳು. ಕಾರ್ಡನ್ನು ಮಡಚಿ ಮೇಜಿನ ಮೇಲಿಟ್ಟು ಕೇಳಿದಳು, “ಯಾಕೆ ಆಂಟಿ?”

“ಮುಂದಿನ ವರ್ಷ ನಾನಿರ್ತೀನೋ ಇಲ್ವೋ ಅಂತ, ಕಣಮ್ಮ.”

“ಅವಳಿರ್ತಿದ್ಲಲ್ಲ ಆಂಟಿ.”

ಅಷ್ಟೇ ಹೇಳಿ, ನಾಯಿಯನ್ನು ಎತ್ತಿಕೊಂಡು ಮೆಟ್ಟಿಲಿಳಿದಳು. ಅಂದು ಉಪ್ಪಿಟ್ಟು ಮುಟ್ಟಲಿಲ್ಲ. ಮೂರು ದಿನ ಬರಲಿಲ್ಲ. ಆ ಮೂರು ದಿನ ಎಪ್ಪತ್ತಾರು ವರ್ಷದ ನಮ್ಮವರು ತಲೆ ಕಡೆ, ನಾನು ಬಾಲದ ಕಡೆ ಹಿಡಿದು ಡಚೆಸ್‌ಳನ್ನು ಮೇನೆಯಲ್ಲಿ ಹೊತ್ತಂತೆ ಹೊತ್ತೆವು. ನಾಲ್ಕನೆಯ ದಿನ ಬಾಗಿಲು ಬಡಿದ ಸದ್ದಾಯಿತು. ಕಾವ್ಯಾ ಒಳಗೆ ಬಂದು, ಹೊಸ ಪುಸ್ತಕದಲ್ಲಿ ನಾನು ಬರೆಸಿದ್ದ ಜೂನ್ ಒಂದನ್ನು ಹೊಡೆದು ಹಾಕಿ, ಫೆಬ್ರವರಿಯ ನಿಜವಾದ ತಾರೀಖು ಬರೆದಳು. ಆಸ್ಪತ್ರೆಯಲ್ಲಿ ಸ್ಪೋರ್ಟ್ಸ್ ಪೇಷಂಟುಗಳನ್ನು ಮತ್ತೆ ನೋಡುತ್ತಿದ್ದಾಳೆಂದು ಆಮೇಲೆ ತಿಳಿಯಿತು. ನನ್ನ ಪಾಲಿಗೆ ಅಷ್ಟಾದರೂ ಉಳಿಯಿತು.

ಈಗ ಆಗಸ್ಟ್. ಡಚೆಸ್‌ಗೆ ನಿಜವಾಗಿ ಹದಿನೆಂಟು ತಿಂಗಳು. ನಡೆಯುತ್ತಾಳೆ, ಸಣ್ಣಗೆ ಕುಣಿಯುತ್ತಾಳೆ. ಆ ಮುಂಗಾಲಿನ ಪಾದ ಸ್ವಲ್ಪ ಹೊರಕ್ಕೆ ತಿರುಗಿ ನಿಂತಿದೆ. ಚೀಲದ ಹಿಂದಿನ ಓಟ ಇನ್ನು ಯಾವ ವರ್ಷವೂ ಬೇಡ ಎಂದಿದ್ದಾರೆ ಡಾಕ್ಟರು. ಗಾಳಿಗೆ ಚೀಲವೊಂದು ಹಾರಿದರೆ ಅವಳು ತಲೆ ಎತ್ತಿ, ಅದು ಮರೆಯಾಗುವವರೆಗೂ ನೋಡುತ್ತಾಳೆ. ಆಮೇಲೆ ನನ್ನನ್ನು ನೋಡುತ್ತಾಳೆ. ನಾನು ಬೇರೆ ಕಡೆ ನೋಡುತ್ತೇನೆ.

ಕಾವ್ಯಾ ಮೊದಲಿನಂತೆಯೇ ನಗುತ್ತಾಳೆ, ಉಪ್ಪಿಟ್ಟನ್ನೂ ತಿನ್ನುತ್ತಾಳೆ. ಒಂದೇ ವ್ಯತ್ಯಾಸ. ನಾನು “ನಾಯಿಗೆ ಮಾತ್ರೆ ಹಾಕಿದೆ” ಎಂದರೆ ಅವಳು ನಮ್ಮವರ ಕಡೆ ತಿರುಗಿ “ಹೌದಾ ಅಂಕಲ್?” ಎನ್ನುತ್ತಾಳೆ. ಅವರು ಪೇಪರಿನ ಹಿಂದಿನಿಂದಲೇ ತಲೆಯಾಡಿಸಿದ ಮೇಲೆ ನನ್ನ ಮಾತು ಪಾಸಾಗುತ್ತದೆ. ಭುಜದ ವ್ಯಾಯಾಮವನ್ನು ಈಗ ಅವಳೆದುರೇ ಮಾಡಬೇಕು. ಮೊನ್ನೆ ಎಷ್ಟು ಸುಧಾರಿಸಿದೆ ನೋಡೋಣ ಎಂದು ಗೋಡೆಯ ಮುಂದೆ ನಿಲ್ಲಿಸಿದಳು. “ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿ ಆಂಟಿ.”

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕೈ ಎತ್ತಿದೆ.

“ಕತ್ತು ವಾಲಿಸ್ಬೇಡಿ ಆಂಟಿ.”

“ವಾಲಸದೇ ಆಕಿಗೆ ಎಂದೂ ಅಡ್ಮಿಷನ್ ಸಿಕ್ಕಿಲ್ಲವ್ವಾ,” ಎಂದಿತು ಪೇಪರು.

ಕತ್ತು ನೆಟ್ಟಗೆ ಮಾಡಿದೆ. ಸೋಫಾದ ಮೇಲಿನಿಂದ ಡಚೆಸ್ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬೆರಳು ಕಿವಿಗೆ ನಾಲ್ಕು ಅಂಗುಲ ದೂರದಲ್ಲೇ ನಿಂತಿತು, ಮುಂದೆ ಹೋಗಲಿಲ್ಲ. ಕಾವ್ಯಾ ಟೇಪು ಹಿಡಿದು ಅಳೆದು ಬರೆದುಕೊಂಡಳು. ಎಪ್ಪತ್ತೋ ಎಪ್ಪತ್ತೊಂದೋ, ನಿಜ ಹೇಳಬೇಕೆಂದರೆ ನನಗಿನ್ನೂ ಐದು ತುಂಬಿಲ್ಲ. ಮದರ್ ಸುಪೀರಿಯರ್ ಇದ್ದಿದ್ದರೆ ಆ ಒಂದು ಮಾತು ಹೇಳಿ ಮನೆಗೆ ಕಳಿಸುತ್ತಿದ್ದರು. ನಾನು ಡಚೆಸ್‌ಗೆ ಹೇಳಬೇಕಾಗಿದ್ದ ಮಾತೂ ಅದೇ: ‘ಮುಂದಿನ ವರ್ಷ ಬಾ, ಮಗು.’